ಒಣಗಬಾರದ ಹಳದಿ

ಗಿಡಗಳ ವಂಶಾವಳಿಯನ್ನು ಅವುಗಳ ವಿಷ ನೋಡಿ ಬರೆಯಬಹುದು ಎಂದು ನನ್ನ ಮಾರ್ಗದರ್ಶಕರು ಹೇಳಿದ ದಿನದಿಂದ ನನ್ನ ಊಟ ಕಡಿಮೆಯಾಯಿತು. ಎಂಬತ್ತರ ದಶಕದ ಕೊನೆಯ ವರ್ಷಗಳು. ಸಿಂಧನೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ, ಜೊತೆಗೆ ಪಿಎಚ್.ಡಿ. ಎಂಬ ದೀರ್ಘ ವ್ಯಾಧಿಯನ್ನೂ ಹಚ್ಚಿಕೊಂಡಿದ್ದೆ. ನಾನು ಹುಟ್ಟಾ ಪುಕ್ಕಲ. ಹಾವು, ಕರೆಂಟು, ಪ್ರಿನ್ಸಿಪಾಲರು, ಗುಡುಗು, ಇದೇ ಕ್ರಮದಲ್ಲಿ ಹೆದರುತ್ತಿದ್ದೆ. ಅಂಥವನ ಪಾಲಿಗೆ ಬಂದ ವಿಷಯ, ಯಾವ ಯಾವ ಗಿಡ ತನ್ನೊಳಗೆ ಪ್ರಾಣ ತೆಗೆಯುವ ಗಾಳಿಯನ್ನು ಬಚ್ಚಿಟ್ಟುಕೊಂಡಿದೆ, ಅದರಿಂದ ಯಾರಿಗೆ ಯಾರು ನೆಂಟರು ಎಂದು ತಿಳಿಯುವುದು.

ಹೂವನ್ನು ನಂಬಬಾರದು ಎಂಬುದು ಮಾರ್ಗದರ್ಶಕರ ಮೊದಲ ಪಾಠ. ಹಳಬರು ಎಸಳು ಎಣಿಸಿ, ಕೇಸರ ಎಣಿಸಿ ಗಿಡಗಳನ್ನು ಕುಟುಂಬ ಕುಟುಂಬವಾಗಿ ಕೂರಿಸಿದ್ದರು. ಆದರೆ ಹೂವು ದುಂಬಿಯ ಮರ್ಜಿಗೆ ತಕ್ಕಂತೆ ವೇಷ ಕಟ್ಟುತ್ತದೆ. ಎಲೆಯ ರಸಕ್ಕೆ ಅಷ್ಟು ಬೇಗ ವೇಷ ಬದಲಿಸಲು ಬರುವುದಿಲ್ಲ. ನಮ್ಮ ಹೊಲದ ಬದುವಿನ ನಾಯಿಸಾಸಿವೆಯನ್ನು ಹೂವಿನ ಲೆಕ್ಕದವರು ಸಾಸಿವೆಯಿಂದ ಬೇರೆ ಮನೆಯಲ್ಲಿ ಇಟ್ಟಿದ್ದರು. ಅದರ ಬೀಜ ಜಗಿದರೆ ಮೂಗಿಗೆ ಹತ್ತುವ ಘಾಟು ಮಾತ್ರ ಸಾಸಿವೆಯದೇ. ರಸಾಯನ ಬಿಡಿಸಿ ನೋಡಿದವರು, ಇವೆರಡೂ ಒಂದೇ ಅಜ್ಜಿಯ ಮಕ್ಕಳು, ಪಾಲಾಗಿ ಬೇರೆ ಇದ್ದಾವೆ ಅಷ್ಟೆ ಎಂದರು.

ಇದರ ಹಿಂದಿನ ತತ್ವ ನನಗೆ ತುಂಬಾ ಹಿಡಿಸಿತು. ಓಡಲಾರದ, ಕೂಗಲಾರದ, ಒದೆಯಲಾರದ ಜೀವ ತನ್ನ ಹೆದರಿಕೆಯನ್ನೆಲ್ಲ ಎಲೆಯೊಳಗೆ ಅಡುಗೆ ಮಾಡಿ ಇಡುತ್ತದೆ. ಅಜ್ಜ ಮಾಡಿದ ಅಡುಗೆಯನ್ನೇ ಮೊಮ್ಮಗ ಸ್ವಲ್ಪ ಬದಲಿಸಿ ಮಾಡುತ್ತಾನೆ. ಅಡುಗೆಯ ಕ್ರಮ ಹೋಲಿಸುತ್ತ ಹೋದರೆ ಅಜ್ಜ ಯಾರೆಂದು ಸಿಗುತ್ತದೆ. ಲಕ್ಷಾಂತರ ವರ್ಷ ಹೆದರಿಕೊಂಡೇ ಬದುಕಿ, ಇಷ್ಟು ದೊಡ್ಡ ಸಂಸಾರ ಬೆಳೆಸಿದ ಜೀವಿಗಳನ್ನು ಕಂಡು ನನಗೆ ಧೈರ್ಯ ಬರಬೇಕಾಗಿತ್ತು. ಬರಲಿಲ್ಲ.

ನನ್ನ ಪಾಲಿನ ಅಡುಗೆ ಸಯನೈಡಿನದು. ಜೋಳದ ಎಳೆ ಚಿಗುರು, ಅಗಸಿ, ಮರಗೆಣಸು, ಇಂಥವುಗಳ ಎಲೆ ಜಜ್ಜಿದರೆ ಕಹಿ ಬಾದಾಮಿಯ ವಾಸನೆಯ ಗಾಳಿ ಹೊರಡುತ್ತದೆ. ಅದನ್ನು ಹಿಡಿಯುವ ವಿಧಾನ ಮಾತ್ರ ಮಕ್ಕಳಾಟದಂತಿತ್ತು. ಪಿಕ್ರಿಕ್ ಆಮ್ಲದ ಹಳದಿ ನೀರಿನಲ್ಲಿ ಕಾಗದದ ಪಟ್ಟಿ ಅದ್ದಿ, ವಾಷಿಂಗ್ ಸೋಡಾದ ನೀರು ತಾಗಿಸಿ, ಜಜ್ಜಿದ ಎಲೆ ಇರುವ ಬಾಟಲಿಯಲ್ಲಿ ತೂಗುಬಿಟ್ಟು ಬಿರಡೆ ಹಾಕಬೇಕು. ವಿಷವಿದ್ದರೆ ಹಳದಿ ಕಾಗದ ಇಟ್ಟಿಗೆ ಕೆಂಪಾಗುತ್ತದೆ. ದವಾಖಾನೆಯಿಂದ ಖಾಲಿ ಇಂಜೆಕ್ಷನ್ ಬಾಟಲಿಗಳನ್ನು ಬೇಡಿ ತಂದು ತೊಳೆದು ಸಾಲಾಗಿ ಇಟ್ಟಿದ್ದೆ. ಹೆಂಡತಿ ಅವುಗಳಿಗೆ ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ನನಗೂ ಕೈ ತೊಳೆಯದೆ ದಾಟಲು ಬಿಡುತ್ತಿರಲಿಲ್ಲ.

ಕಾಗದ ಕೆಂಪಾದ ಮಾತ್ರಕ್ಕೆ ನೆಂಟಸ್ತನ ಸಿದ್ಧವಾಗುವುದಿಲ್ಲ ಎಂದೂ ಮಾರ್ಗದರ್ಶಕರು ಎಚ್ಚರಿಸಿದ್ದರು. ಜೋಳ ಆ ಗಾಳಿಯನ್ನು ಒಂದು ವಸ್ತುವಿನಿಂದ ಹುಟ್ಟಿಸುತ್ತದೆ, ಅಗಸಿ ಇನ್ನೊಂದರಿಂದ. ಹೊಗೆ ಒಂದೇ ಇದ್ದರೂ ಒಲೆ ಬೇರೆ. ಮೊದಲು ಹೊಗೆ ಎಲ್ಲೆಲ್ಲಿದೆ ಎಂದು ನೋಡು, ಒಲೆ ಹುಡುಕುವುದು ಆಮೇಲೆ ಎಂದು ಅಪ್ಪಣೆಯಾಗಿತ್ತು.

ಆ ವರ್ಷ ಮುಂಗಾರಿನ ಎರಡು ಮಳೆ ಬಿದ್ದು ನಿಂತುಬಿಟ್ಟವು. ಕೊಯ್ದ ಜೋಳದ ಕೂಳೆಯಲ್ಲಿ ಹೊಸ ಚಿಗುರು ಒಡೆದು, ನೀರಿಲ್ಲದೆ ಬಾಡತೊಡಗಿತ್ತು. ದನ ಕಾಯುವವರು ಹೆದರುವ ಕಾಲ ಅದು. ಅಂಥ ಚಿಗುರಿನಲ್ಲಿ ವಿಷ ಹೆಚ್ಚು. ನನಗೆ ಸುಗ್ಗಿ. ಆದರೆ ನಮ್ಮ ಕಾಲೇಜಿನಲ್ಲಿ ಪಿಕ್ರಿಕ್ ಆಮ್ಲ ಮುಗಿದಿತ್ತು. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಹಳೆಯ ಬಾಟಲಿ ಇದೆ ಎಂದು ಗೊತ್ತಾಗಿ, ಚಿಗುರು ಪೂರ್ತಿ ಒಣಗುವ ಮೊದಲು ತಂದುಬಿಡೋಣ ಎಂದು ಬಸ್ಸು ಹತ್ತಿದೆ.

ಅಲ್ಲಿನ ದಾಸ್ತಾನು ಕೋಣೆ ನೋಡಿಕೊಳ್ಳುತ್ತಿದ್ದ ಅಟೆಂಡರು ಬಹಳ ಶಿಸ್ತಿನ ಮನುಷ್ಯ. ನಮ್ಮ ಕಡೆ ಬೇಸಿಗೆ ಬಂತೆಂದರೆ ಮನೆಯಲ್ಲಿರುವ ಸಮಸ್ತವೂ ಮಾಳಿಗೆ ಏರುತ್ತದೆ: ಸಂಡಿಗೆ, ಹಪ್ಪಳ, ಮೆಣಸಿನಕಾಯಿ, ಹುಣಸೆಹಣ್ಣು, ಗಾದಿ, ಕೌದಿ. ರಾಯಚೂರು ಜಿಲ್ಲೆಯ ಬಿಸಿಲು ಬೇರೆ ಯಾವುದಕ್ಕೂ ಬಾರದಿದ್ದರೂ ಒಣಗಿಸುವ ಕೆಲಸವನ್ನು ಎಂದೂ ಕೆಡಿಸಿದ್ದಿಲ್ಲ. ಈತ ಅದೇ ಶಾಸ್ತ್ರವನ್ನು ಕಾಲೇಜಿಗೂ ಅನ್ವಯಿಸಿದ್ದ.

"ಇದು ಹಸಿ ಆಗಿ ಹೆಂಟಿ ಕಟ್ಟಿತ್ರೀ ಸರ," ಎಂದು ಬಾಟಲಿಯನ್ನು ಒರೆಸುತ್ತ ಹೇಳಿದ. "ಯಾರ್ ನೀರ್ ಹಾಕಿ ಕೆಡಿಸಿದ್ರೋ ಏನೋ. ಇಡೀ ಬ್ಯಾಸಗಿ ಮುಚ್ಚಳ ತಗದು ಮಾಳಿಗಿ ಮ್ಯಾಲೆ ಇಟ್ಟಿದ್ದೆ. ಈಗ ನೋಡ್ರಿ, ಉದುರುದುರು ರವಾ ಆದಂಗ ಆಗೈತಿ."

ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಸರಸರ ಎಂದಿತು. ಹಳದಿ ಪುಡಿ ನಿಂಬೆಹಣ್ಣಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಮೂಲ ಮುಚ್ಚಳ ಗಾಳಿಗೆ ಹಾರಿಹೋಗಿತ್ತಂತೆ. ಅದರ ಬದಲು ಯಾವುದೋ ಡಬ್ಬಿಯ ತಗಡಿನ ಮುಚ್ಚಳವನ್ನು ಗಟ್ಟಿಯಾಗಿ ತಿರುವಿ ಕೂರಿಸಿದ್ದ. ಅಂಚಿಗೆ ತುಕ್ಕು ಹಿಡಿದಿತ್ತು. ನಾನು ಅವನ ಕರ್ತವ್ಯನಿಷ್ಠೆಯನ್ನು ಮನಸಾರೆ ಹೊಗಳಿ, ಬಾಟಲಿಯನ್ನು ಹೆಗಲ ಚೀಲದಲ್ಲಿ ಸ್ಟೀಲಿನ ಬುತ್ತಿಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡು ಬಂದೆ. ಪಿಕ್ರಿಕ್ ಆಮ್ಲವೆಂದರೆ ಕಾಗದ ಅದ್ದುವ ಹಳದಿ ನೀರು ಎಂಬುದರಾಚೆ ನನಗೇನೂ ಗೊತ್ತಿರಲಿಲ್ಲ. ಪುಡಿಯಾದರೆ ಹೊರಲು ಹಗುರವಾಯಿತಲ್ಲ ಎಂದು ಸಂತೋಷವೇ ಆಯಿತು.

ಬಸ್ಸಿನಲ್ಲಿ ಚೀಲವನ್ನು ಸೀಟಿನ ಕೆಳಗೆ ತಳ್ಳಿದೆ. ಮಸ್ಕಿಯಲ್ಲಿ ಜನ ನುಗ್ಗಿದರು. ಒಬ್ಬ ಮುದುಕಿ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಕಂಡಕ್ಟರು ಅವಳ ಜೋಳದ ಚೀಲವನ್ನು ಎಳೆದು ತಂದು, ನನ್ನ ಚೀಲವನ್ನು ಕಾಲಿನಿಂದ ಇನ್ನಷ್ಟು ಒಳಗೆ ಒತ್ತಿ, ನಡುದಾರಿಯಲ್ಲಿ ಇಟ್ಟ. ಮುದುಕಿ ಅದರ ಮೇಲೆ ಸಿಂಹಾಸನದ ಮೇಲೆ ಕೂತಂತೆ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಅವಳ ಹಿಂದೆಯೇ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಹಿರಿಯ ಮೇಷ್ಟ್ರು ಹತ್ತಿದರು. ಬೀಗರ ಮನೆಗೆ ಬಂದಿದ್ದರಂತೆ. ನನ್ನ ಪಕ್ಕದಲ್ಲಿ ಜಾಗ ಮಾಡಿಕೊಂಡು ಅಡಿಕೆ ಬಾಯಿಗೆ ಹಾಕಿಕೊಂಡರು.

"ಎಲ್ಲೆ ಹೋಗಿದ್ದಿ?"

"ಲಿಂಗಸುಗೂರಿಗೆ ಹೋಗಿದ್ದೆ ಸರ. ಪಿಕ್ರಿಕ್ ಆಸಿಡ್ ಸಿಕ್ತು."

"ಚಲೋ ಆತು. ನೀರಿನ್ಯಾಗ ಐತಿಲ್ಲೋ?"

"ಇಲ್ರೀ, ಒಣಗೈತಿ. ಬ್ಯಾಸಗಿ ತುಂಬ ಮಾಳಿಗಿ ಮ್ಯಾಲೆ ಇಟ್ಟು ಚಂದ ಒಣಗಿಸ್ಯಾರ."

ಅವರ ಬಾಯಿಯಲ್ಲಿ ಕಟಕಟ ಎನ್ನುತ್ತಿದ್ದ ಅಡಿಕೆ ನಿಂತಿತು.

"ಮುಚ್ಚಳ ಯಾವದೈತಿ?"

"ತಗಡಿಂದ್ರೀ."

ಅವರು ಬಗ್ಗಿ ಸೀಟಿನ ಕೆಳಗಿದ್ದ ಚೀಲ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಗುಡಿಯಲ್ಲಿ ಮಾತಾಡುವವರಂತೆ, "ಹಿಂದ ಯುದ್ಧದಾಗ ತೋಪಿನ ಗುಂಡಿಗೆ ಏನ್ ತುಂಬ್ತಿದ್ರು, ಗೊತ್ತೈತೇನು?" ಎಂದರು.

"ಇಲ್ರೀ."

"ಅದ. ನಿನ್ನ ಚೀಲದಾಗ ಇದ್ದದ್ದು."

ನೀರಿನಲ್ಲಿರುವಾಗ ಅದು ಹಸುವಿನಂತೆ ಸಾಧುವಂತೆ. ಅದಕ್ಕೇ ಬಲ್ಲವರು ಸದಾ ಒದ್ದೆ ಇಡುತ್ತಾರೆ. ಒಣಗಿದರೆ ಬೆಂಕಿ ಬೇಕಿಲ್ಲ, ಪೆಟ್ಟು ಸಾಕು, ಉಜ್ಜುವುದು ಸಾಕು. ಅದಕ್ಕಿಂತ ಕೆಟ್ಟದ್ದು ಕಬ್ಬಿಣದ ಸಹವಾಸ. ಮುಚ್ಚಳದ ಸುರುಳಿಯಲ್ಲಿ ತುಕ್ಕು ಮತ್ತು ಆಮ್ಲ ಸೇರಿ ಒಂದು ಲವಣ ಹುಟ್ಟುತ್ತದೆ, ಅದು ತಾಯಿಗಿಂತ ಮುಂಗೋಪಿ. ಇಷ್ಟನ್ನು ಮೇಷ್ಟ್ರು ಪಾಠ ಮಾಡುವ ಧಾಟಿಯಲ್ಲೇ ಹೇಳಿದರು. ಆದರೆ ಅವರ ಕೈ ನನ್ನ ಮೊಣಕಾಲನ್ನು ಹಿಡಿದುಕೊಂಡಿತ್ತು, ಬಿಡಲಿಲ್ಲ.

"ಸಿಡಿದೇ ಸಿಡಿತದ ಅಂತೇನಿಲ್ಲ," ಎಂದು ಸಮಾಧಾನ ಹೇಳಿದರು.

"ಸಿಡೀಬಹುದು ಅಂದ್ರ ಸಾಕಲ್ರೀ ಸರ."

ಅಷ್ಟರಲ್ಲಿ ಬಸ್ಸು ಹೊರಟಿತು. ಮೊದಲ ತಗ್ಗಿಗೇ ಸೀಟಿನ ಕೆಳಗಿನಿಂದ ಟಣ್ ಎಂದು ಸದ್ದು ಬಂತು. ನನ್ನ ಬುತ್ತಿಡಬ್ಬಿ ತಗಡಿನ ಮುಚ್ಚಳವನ್ನು ಮಾತಾಡಿಸುತ್ತಿತ್ತು.

ಆ ದಾರಿಯ ಬಗ್ಗೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ತಗ್ಗುಗಳ ನಡುವೆ ಅಲ್ಲಲ್ಲಿ ರಸ್ತೆ ಇತ್ತು. ಚೀಲ ಎಳೆದುಕೊಳ್ಳೋಣವೆಂದರೆ ಜೋಳದ ಮೂಟೆ ಅದರ ಪಟ್ಟಿಯ ಮೇಲೆ ಕೂತಿತ್ತು, ಮೂಟೆಯ ಮೇಲೆ ಮುದುಕಿ ಕೂತಿದ್ದಳು. ಜಗ್ಗಿದರೆ ಒಳಗೆ ಉಜ್ಜುತ್ತದೆ. ಕಂಡಕ್ಟರಿಗೆ ಹೇಳೋಣವೆಂದರೆ, ಬಾಯಿಂದ ಆ ಮಾತು ಹೊರಬಿದ್ದ ಕ್ಷಣ ಇಡೀ ಬಸ್ಸು ಒಂದೇ ಬಾಗಿಲಿಗೆ ನುಗ್ಗುತ್ತದೆ, ಚೀಲದ ಮೇಲೆ ಕಾಲಿಟ್ಟೇ ನುಗ್ಗುತ್ತದೆ. ಮೇಷ್ಟ್ರು ಮುದುಕಿಯ ಕಡೆ ಬಾಗಿದರು.

"ಯವ್ವಾ, ಚೂರು ಏಳ್ತೀಯೇನು, ನಮ್ಮ ಚೀಲ ತಗೋತೀವಿ."

"ಈಗರ ಕುಂತೀನಿ. ಮೊಣಕಾಲು ಹಿಡದಾವ," ಎಂದಳು ಮುದುಕಿ. "ನಿಮ್ಮ ಚೀಲ ಎಲ್ಲಿ ಹೋಗ್ತದ? ನಾ ಇಳಿಯೂತನ ಅದು ಅಲ್ಲೇ ಇರ್ತದ, ತಡೀರಿ."

"ಎಲ್ಲಿ ಇಳಿತಿ?"

"ಮುಂದ. ಹಳ್ಳ ದಾಟಿಂದ."

ಮತ್ತೊಂದು ತಗ್ಗು, ಮತ್ತೊಂದು ಟಣ್. ಕೂಸು ಎಚ್ಚರವಾಗಿ ನನ್ನನ್ನು ನೋಡಿ ನಕ್ಕಿತು. ಹಲ್ಲು ಇನ್ನೂ ಪೂರಾ ಬಂದಿರಲಿಲ್ಲ. ಅದರ ಪಾದಗಳು ನನ್ನ ಚೀಲದ ನೇರ ಮೇಲೆ ತೂಗುತ್ತಿದ್ದವು. ಅಲ್ಲಿಯವರೆಗೆ ನಾನು ನನ್ನ ಪ್ರಾಣಕ್ಕೆ ಹೆದರಿದ್ದೆ, ಅದು ರೂಢಿಯ ಹೆದರಿಕೆ. ಆ ಪಾದಗಳನ್ನು ಕಂಡ ಮೇಲೆ ಇನ್ನೊಂದು ಹೆದರಿಕೆ ಹುಟ್ಟಿತು. ಅದು ಹೊಸದು, ಅದಕ್ಕೆ ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಚಪ್ಪಲಿ ಕಳಚಿದೆ. ಬಲಗಾಲನ್ನು ಸೀಟಿನ ಕೆಳಗೆ ಚಾಚಿ, ಚೀಲದ ಬಟ್ಟೆಯ ಮೇಲಿನಿಂದಲೇ ತಡವಿ, ಡಬ್ಬಿಗೂ ಬಾಟಲಿಗೂ ನಡುವೆ ಬೆರಳುಗಳನ್ನು ತೂರಿಸಿದೆ. ತಗಡಿನ ತಣ್ಣನೆಯ ಅಂಚು ಹೆಬ್ಬೆರಳಿಗೆ ತಗುಲಿತು. ಅಲ್ಲಿಂದ ಮುಂದೆ ಸದ್ದು ನಿಂತಿತು. ಪ್ರತಿ ತಗ್ಗಿಗೂ ಬುತ್ತಿಡಬ್ಬಿ ನನ್ನ ಬೆರಳುಗಳನ್ನು ಗುದ್ದುತ್ತಿತ್ತು, ನಾನು ಹಲ್ಲು ಕಚ್ಚುತ್ತಿದ್ದೆ. ಸಸ್ಯಶಾಸ್ತ್ರಕ್ಕೆ ಕಾಲ್ಬೆರಳುಗಳಿಂದ ಸೇವೆ ಸಲ್ಲಿಸಿದವರು ಹೆಚ್ಚು ಜನ ಇರಲಾರರು.

"ಏನ್ ಮಾಡಾಕತ್ತಿ?" ಎಂದರು ಮೇಷ್ಟ್ರು.

"ನಡುವ ಕಾಲ್ ಇಟ್ಟೀನ್ರೀ."

"ಹಂಗ ಇಡು. ಅಲುಗಾಡಬ್ಯಾಡ." ಸ್ವಲ್ಪ ತಡೆದು, "ಒಂದೀಟು ತುರಿಸಿದ್ರೂ ತುರಿಸಿಗೋಬ್ಯಾಡ," ಎಂದು ಸೇರಿಸಿದರು.

ಹಳ್ಳ ದಾಟಿದ ಮೇಲೆ ಮುದುಕಿ ಚಪ್ಪಾಳೆ ತಟ್ಟಿದಳು. ಡ್ರೈವರು ಬ್ರೇಕು ಒತ್ತಿದ ಪರಿಗೆ ಇಡೀ ಬಸ್ಸು ಮುಂದಕ್ಕೆ ಮುಗ್ಗರಿಸಿತು. ನನ್ನ ಬೆರಳು ಎರಡರ ನಡುವೆ ಸಿಕ್ಕು ನಜ್ಜಾಯಿತು. ಕಣ್ಣು ಮುಚ್ಚಿದೆ. ತೆರೆದಾಗ ಕಂಡಕ್ಟರು ಮೂಟೆ ಇಳಿಸುತ್ತಿದ್ದ, ಮೇಷ್ಟ್ರು ಮಂಡಿಯೂರಿ ಚೀಲವನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡಿದ್ದರು. ಬಾಣಂತಿ ಕೋಣೆಯಿಂದ ಕೂಸನ್ನು ಹೊರಗೆ ತರುವವರಂತೆ ಒಂದೊಂದೇ ಮೆಟ್ಟಿಲು ಇಳಿದರು. ಟಿಕೇಟು ಸಿಂಧನೂರಿನದು ಎಂದು ಕಂಡಕ್ಟರು ನೆನಪಿಸಿದ. ಚಪ್ಪಲಿ ಕೈಯಲ್ಲಿ ಹಿಡಿದು ನಾನೂ ಕುಂಟುತ್ತ ಇಳಿದೆ.

ಮುದುಕಿಯ ಮನೆ ರಸ್ತೆಗೆ ಹೊಂದಿಯೇ ಇತ್ತು. ಒಂದು ಬೇವಿನ ಮರ, ದನದ ಕೊಟ್ಟಿಗೆ, ಎತ್ತುಗಳು ನೀರು ಕುಡಿಯುವ ಕಲ್ಲಿನ ಬಾನಿ. ಮಗ, ಸೊಸೆ ಕೂಲಿಗೆ ಬಳಗಾನೂರ ಕಡೆ ಹೋಗಿದ್ದರಂತೆ. ನಮ್ಮ ನಡಿಗೆ ನೋಡಿ ಅವಳಿಗೆ ಅನುಮಾನ ಬಂತು.

"ಚೀಲದಾಗ ಏನೈತಿ ಮಾಸ್ತರ? ಹಾವ ಹಿಡಕೊಂಡು ಹೊಂಟೀರೇನು?"

ಮೇಷ್ಟ್ರು ಸುಳ್ಳು ಹೇಳಲಿಲ್ಲ. ಒಣಗಿದ ಮದ್ದು, ನೀರಿನಲ್ಲಿ ಮುಳುಗಿಸಿದರೆ ತಣ್ಣಗಾಗುತ್ತದೆ, ಮುಳುಗಿಸದಿದ್ದರೆ ಏನಾದರೂ ಆಗಬಹುದು, ಒಂದು ಬಕೀಟು ಬೇಕು, ನೀನು ಕೂಸನ್ನು ಕರೆದುಕೊಂಡು ಮನೆಯ ಹಿಂದಕ್ಕೆ ಹೋಗಬೇಕು ಎಂದರು.

ಅವಳು ಕೂಸನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಇದನ್ನ ನನ್ನ ಬುಡಕ ಇಟ್ಟಿದ್ರೇನು?"

ಹೌದೆಂದು ಮೇಷ್ಟ್ರು ತಲೆಯಾಡಿಸಿದರು.

"ಏನ್ ಮಾಡ್ತೀರಿ ಇದನ್ನ?"

"ಜ್ವಾಳದ ಚಿಗುರಿನ್ಯಾಗ ವಿಷ ಐತೋ ಇಲ್ಲೋ ನೋಡ್ತೀವಿ ಯವ್ವಾ," ಎಂದೆ.

"ಅದಕ್ಕ ಇಷ್ಟ್ ದೊಡ್ಡ ವಿಷ ಬೇಕಾತೇನು?" ಎಂದಳು. "ಬಾನ್ಯಾಗ ಮಾತ್ರ ಇಡಗೊಡಂಗಿಲ್ಲ. ನನ್ನ ಎತ್ತು ಅದರಾಗ ನೀರ್ ಕುಡಿತಾವ. ಬಕೀಟ ಕೊಡ್ತೀನಿ. ದೂರ ಒಯ್ರಿ."

ಬೇವಿನ ಮರದಾಚೆ, ಮನೆಗೆ ಬೆನ್ನಾದ ಕಡೆ, ಬಕೀಟು ಇಟ್ಟೆವು. ಮೇಷ್ಟ್ರು ಬುತ್ತಿಡಬ್ಬಿಯನ್ನು ಮೊದಲು ಹೊರತೆಗೆದು ದೂರ ಇಟ್ಟರು. ಬಾಟಲಿಯನ್ನು ಬಕೀಟಿನ ತಳದಲ್ಲಿ ನಿಲ್ಲಿಸಿ, ತಂಬಿಗೆಯಿಂದ ಅಂಚಿನ ಗುಂಟ ಎಳೆಎಳೆಯಾಗಿ ನೀರು ಬಿಟ್ಟರು. ನೀರು ಬಾಟಲಿಯ ಭುಜಕ್ಕೆ ಬಂತು, ಕೊರಳಿಗೆ ಬಂತು, ತಗಡನ್ನು ಮುಚ್ಚಿತು. ಒಂದೆರಡು ಗುಳ್ಳೆ ಎದ್ದವು. ನಾವು ಬೇವಿನ ಮರದ ಹಿಂದೆ ಹೋಗಿ ಕೂತೆವು. ಆಪತ್ತಿನಲ್ಲಿ ಮರ ಹುಡುಕುವುದು ನನಗೆ ವೃತ್ತಿಧರ್ಮ, ಮೇಷ್ಟ್ರಿಗೆ ಆ ಸಮರ್ಥನೆಯೂ ಇರಲಿಲ್ಲ.

ಇನ್ನು ಕಾಯುವುದು. ನೀರು ತುಕ್ಕಿನ ಸಂದಿನಲ್ಲಿ ದಾರಿ ಮಾಡಿಕೊಂಡು ಒಳಗೆ ಹೋಗಬೇಕು, ಸುರುಳಿಯಲ್ಲಿ ಕೂತದ್ದನ್ನು ಕರಗಿಸಬೇಕು. ಒಳಗೆ ಹೋದದ್ದು ನಮಗೆ ಹೇಗೆ ತಿಳಿಯಬೇಕೆಂದರೆ, ಹಳದಿ ಹೊರಗೆ ಬರಬೇಕು. ಸಲಸಲಕ್ಕೂ ಒಬ್ಬೊಬ್ಬರು ಎದ್ದು ಹೋಗಿ ಬಗ್ಗಿ ನೋಡಿ ಬರುತ್ತಿದ್ದೆವು. ನೀರು ತಿಳಿಯಾಗಿಯೇ ಇತ್ತು. ಬಿಸಿಲು ಇಳಿಯತೊಡಗಿತು. ಮನೆಯೊಳಗೆ ಕೂಸು ಅಳುವುದು, ಮುದುಕಿ ಗದರುವುದು ಕೇಳುತ್ತಿತ್ತು. ಅದು ಹಟ ಮಾಡಿ ಹೊರಗೆ ಓಡಿ ಬಂದರೆ ಎಂದು ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ.

"ಬರಲಿಲ್ಲಂದ್ರ?" ಎಂದೆ.

"ಇಲ್ಲೇ ಬಿಟ್ಟು ಹೋಗಾಕ ಬರ್ತದೇನು?" ಎಂದರು ಮೇಷ್ಟ್ರು. ಅವರು ನನ್ನನ್ನು ಕೇಳಿದ್ದಲ್ಲ.

ಕೊನೆಗೊಮ್ಮೆ ನಾನು ಬಗ್ಗಿದಾಗ ತಗಡಿನ ಅಂಚಿನಿಂದ ನೂಲಿನಷ್ಟು ಸಣ್ಣ ಹಳದಿ ಎಳೆಯೊಂದು ಹೊರಟು ನೀರಿನಲ್ಲಿ ಕೆಳಗಿಳಿಯುತ್ತಿತ್ತು. ಅಷ್ಟು ಚೆಂದದ್ದನ್ನು ಅಷ್ಟು ಹೆದರಿಕೊಂಡು ನಾನು ಎಂದೂ ನೋಡಿರಲಿಲ್ಲ. ಮೇಷ್ಟ್ರನ್ನು ಕರೆದೆ. ಇನ್ನೂ ಹೊತ್ತು ಬಿಟ್ಟೆವು. ಎಳೆಗಳು ಹೆಚ್ಚಾಗಿ, ಕೂಡಿಕೊಂಡು, ಬಕೀಟು ಅರಿಶಿನ ಕಲಸಿದ ನೀರಿನಂತಾಯಿತು.

"ಈಗ ತಗೀಬೇಕು. ನೀರಾಗ ಇಟ್ಟ," ಎಂದರು ಮೇಷ್ಟ್ರು. ತೋಳು ಮಡಚಿದರು. ಮಡಚಿದ್ದನ್ನು ಮತ್ತೆ ಬಿಚ್ಚಿದರು. "ನನಗ ಮಕ್ಕಳದಾವ."

"ನನಗೂ ಅದಾವ್ರೀ ಸರ."

"ಪಿಎಚ್.ಡಿ. ಯಾರದು?"

ನಾನು ತೋಳು ಮಡಚಿದೆ. ಅವರು ಮರದ ಹಿಂದೆ ಹೋಗುತ್ತಾರೆಂದುಕೊಂಡೆ, ಹೋಗಲಿಲ್ಲ. ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಬಾಟಲಿ ಅಲ್ಲಾಡದಂತೆ ಎರಡೂ ಕೈಯಿಂದ ನೀರೊಳಗೇ ಹಿಡಿದರು. ನಾನು ಮುಚ್ಚಳ ಹಿಡಿದೆ. ಮೊದಲಿಗೆ ಅದು ಜಗ್ಗಲಿಲ್ಲ. ಬಲ ಹಾಕುವ ಹಾಗಿಲ್ಲ, ಹಾಕದೆ ಬರುವ ಹಾಗಿಲ್ಲ. ಮೇಷ್ಟ್ರ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರದಲ್ಲಿ ಬಿಳುಚಿಕೊಂಡಿತ್ತು. ಮುಚ್ಚಳ ಕೂದಲೆಳೆಯಷ್ಟು ಸರಿಯಿತು, ಕರಕರ ಎಂದಿತು. ಇಬ್ಬರೂ ತಡೆದೆವು. ಏನೂ ಆಗಲಿಲ್ಲ. ಇನ್ನಷ್ಟು ತಿರುವಿದೆ. ಮುಚ್ಚಳ ಕೈಗೆ ಬಂತು, ಬಾಟಲಿಯ ಬಾಯಿಂದ ದೊಡ್ಡದೊಂದು ಗುಳ್ಳೆ ಎದ್ದು ಒಡೆಯಿತು, ನೀರು ಗಳಗಳನೆ ಒಳಗೆ ನುಗ್ಗಿ ಪುಡಿಯೆಲ್ಲ ಕೆಸರಾಯಿತು.

ಮೇಷ್ಟ್ರು ಬಾಟಲಿ ಬಿಟ್ಟು ಕೈ ಹೊರತೆಗೆದರು. ಹಾಗೇ ಹಿಂದಕ್ಕೆ ಮಣ್ಣಿನ ಮೇಲೆ ಕೂತುಬಿಟ್ಟರು. ನಾನು ದೂರ ಇಟ್ಟಿದ್ದ ಬುತ್ತಿಡಬ್ಬಿಯನ್ನು ತಂದು ಚೀಲಕ್ಕೆ ಹಾಕಿದೆ. ಇಷ್ಟೇ ನಮ್ಮ ವಿಜಯೋತ್ಸವ.

ಹಳದಿ ನೀರನ್ನು ಬಾವಿಯಿಂದ, ಹೊಲದಿಂದ ದೂರ ಗರಸು ನೆಲದಲ್ಲಿ ಗುಂಡಿ ತೋಡಿ ಸುರಿದೆವು. ಮುಚ್ಚಳವನ್ನೂ ಅದರಲ್ಲೇ ಹೂತೆವು. ಮುದುಕಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ಮೇಲ್ವಿಚಾರಣೆ ಮಾಡಿದಳು, ದನ ನೆಕ್ಕದಂತೆ ಜಾಲಿಮುಳ್ಳು ತಂದು ಹೊದಿಸಿದಳು. ಬಕೀಟನ್ನು ವಾಪಸು ತೆಗೆದುಕೊಳ್ಳಲಿಲ್ಲ. ಚಹಾ ಬೇಕೇನೆಂದೂ ಕೇಳಲಿಲ್ಲ. ಕೂಸನ್ನು ಮಾತ್ರ ಒಮ್ಮೆ ನಮ್ಮ ಕಡೆ ತಿರುಗಿಸಿ, "ನೋಡು, ಇವರ ಮುಖ ನೆನಪಿಟ್ಟುಕೋ," ಎಂದಳು.

ಬಾಟಲಿಯಲ್ಲಿ ಕೆಸರಿನ ಮೇಲೆ ಸಾಕಷ್ಟು ನೀರು ಬಿಟ್ಟು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ದಾರದಿಂದ ಬಿಗಿದು, ಬಕೀಟಿನಲ್ಲಿ ನಿಲ್ಲಿಸಿಕೊಂಡು ರಸ್ತೆಗೆ ಬಂದೆವು. ಸಂಜೆಯ ಬಸ್ಸು ಬಂತು. ಅರ್ಧ ಖಾಲಿ. ನಾನು ಮುಂದೆ ಒಂದು ಸೀಟಿನಲ್ಲಿ ಕೂತು ಬಕೀಟನ್ನು ಕಾಲುಗಳ ನಡುವೆ ಇಟ್ಟುಕೊಂಡು ಜಾಗ ಮಾಡಿದೆ. ಮೇಷ್ಟ್ರು ನನ್ನನ್ನು ದಾಟಿ ಕಟ್ಟಕಡೆಯ ಸೀಟಿಗೆ ನಡೆದರು.

"ಸರ, ಈಗ ಒದ್ದಿ ಐತಲ್ರೀ," ಎಂದೆ. "ನೀವ ಹೇಳಿದ್ರಿ."

"ರಸಾಯನಶಾಸ್ತ್ರದ ಮ್ಯಾಲೆ ನನಗ ಪೂರಾ ನಂಬಿಕಿ ಐತಿ ತಮ್ಮಾ," ಎಂದರು. "ನಿನ್ನ ಮ್ಯಾಲೆ ಇಲ್ಲ."

ಬಸ್ಸು ಹೊರಟಿತು. ನನ್ನ ಅಂಗೈಗಳು ಮಣಿಕಟ್ಟಿನವರೆಗೆ ಹಳದಿಯಾಗಿದ್ದವು, ನಜ್ಜಾದ ಬೆರಳು ಊದಿ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ತಗ್ಗು ಬಂದಾಗಲೆಲ್ಲ ಬಾಟಲಿಯೊಳಗೆ ನೀರು ಗುಳುಗುಳು ಎನ್ನುತ್ತಿತ್ತು. ಆ ಸದ್ದು ಕೇಳಿಸುವವರೆಗೆ ಉಸಿರಾಡುವುದು, ರಸ್ತೆ ಸಪಾಟಾಗಿ ಸದ್ದು ನಿಂತರೆ ಬಗ್ಗಿ ನೋಡುವುದು. ಸಿಂಧನೂರು ಬರುವವರೆಗೆ ನನಗೆ ಬೇರೆ ಕೆಲಸವಿರಲಿಲ್ಲ.